ಶಿಂಗ್ರೋಬಾನ ತಿರುವಿನಲ್ಲಿ ಇಳಿದವನು

ಆಂಟಾಪ್ ಹಿಲ್ಲಿನ ಬುಡದ ಜೋಪಡಿಗಳಲ್ಲಿ ಸಾಯಬಣ್ಣನಿಗೆ ದೇವರಂಥ ಮನುಷ್ಯ ಎಂಬ ಹೆಸರಿತ್ತು. ದೇವರಿಗಾಗಿ ಪರ್ಮನೆಂಟ್ ನೌಕರಿಯನ್ನೇ ಬಿಟ್ಟವನು ಎಂದು ಜನ ಅವನನ್ನು ಹೊಸಬರಿಗೆ ತೋರಿಸುತ್ತಿದ್ದರು. ಹೀಗೆ ತೋರಿಸಿದಾಗೆಲ್ಲ ಅವನು ನೆಲ ನೋಡುತ್ತಿದ್ದ. ಅದನ್ನೂ ಜನ ವಿನಯವೆಂದೇ ತಿಳಿದರು. ಒಮ್ಮೆ ಒಳ್ಳೆಯವನೆಂದು ಹೆಸರಾದರೆ ಕೆಮ್ಮಿದರೂ ಮಂತ್ರವಾಗುತ್ತದೆ.

ಗುಲ್ಬರ್ಗಾ ಜಿಲ್ಲೆಯ ಜೇವರ್ಗಿ ಕಡೆಯ ಕುರುಬರ ಮನೆಯವನು ಅವನು. ಮದುವೆಯಾದ ವರ್ಷವೇ ಹೆಂಡತಿ ಸುಂದ್ರವ್ವನೊಡನೆ ಮುಂಬಯಿಗೆ ಬಂದ. ಅವಳು ಏಳುತ್ತಿರುವ ಬಿಲ್ಡಿಂಗುಗಳಲ್ಲಿ ಬುಟ್ಟಿ ಹೊತ್ತಳು, ಅವನು ಐಸ್ ಹೊತ್ತ. ದಾದರಿನ ಆಚೆಯ ಒಂದು ಐಸ್ ಫ್ಯಾಕ್ಟರಿಯಿಂದ ಮಂಜುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದು, ಸಾಂತಾಕ್ರೂಜ್, ವಿಲೆ ಪಾರ್ಲೆಯ ಹೋಟೆಲುಗಳಿಗೆ ಮುಟ್ಟಿಸುವ ಕೆಲಸ. ಬೀಡಿ ಹಚ್ಚಲು ನಿಂತರೆ ಐಸ್ ಕರಗುತ್ತದೆ, ಊರವರು ಸಿಕ್ಕರೆಂದು ಮಾತಿಗೆ ನಿಂತರೂ ಕರಗುತ್ತದೆ. ಹೀಗಾಗಿ ಒಂದು ಮಣ ಭಾರವನ್ನು ಹಿಂದಿಟ್ಟುಕೊಂಡು ಎಲ್ಲಿಯೂ ಕಾಲೂರದೆ ಓಡಿಸುವುದು ಅವನಿಗೆ ರೂಢಿಯಾಗಿತ್ತು. ಸೈಕಲ್ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಇರಲಿಲ್ಲ.

ಅವರ ಜೋಪಡಿ ಇದ್ದದ್ದು ಜೌಗು ನೆಲದಲ್ಲಿ. ಮಳೆಗಾಲ ಬಂತೆಂದರೆ ನೀರು ಹೊಸ್ತಿಲು ದಾಟಿ ಒಲೆಯವರೆಗೂ ಬರುತ್ತಿತ್ತು. ನಾಲ್ಕನೆಯ ಮಳೆಗಾಲಕ್ಕೆ ಸುಂದ್ರವ್ವನಿಗೆ ಉಬ್ಬಸ ಹತ್ತಿತು. ಮಾತಿಗೆ ಸೋಲದ ಹೆಂಗಸು ಅವಳು. ನಲ್ಲಿಯ ಸಾಲಿನಲ್ಲಿ ನಿಂತು ಬೈಯಲು ಶುರುಮಾಡಿದರೆ ಆಚೆ ಗಲ್ಲಿಯ ಮರಾಠಿಯವರೂ ಕಿವಿಗೊಡುತ್ತಿದ್ದರು. ಅಂಥವಳು ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯತೊಡಗಿದಳು. ಡಾಕ್ಟರು ಔಷಧಿ ಬರೆದುಕೊಟ್ಟು, "ಔಷಧಿಗಿಂತ ಒಣಗಿದ ಕೋಣೆ ಮುಖ್ಯ. ಆ ಒದ್ದೆಯಲ್ಲೇ ಇಟ್ಟರೆ ಇವಳು ಉಳಿಯುವುದು ಕಷ್ಟ" ಎಂದು ಹೇಳಿದರು. ಒಣಗಿದ ಕೋಣೆ ಏನು ಅಂಗಡಿಯಲ್ಲಿ ಸಿಗುತ್ತದೆಯೇ?

ಸಿಗುವ ದಾರಿಯೊಂದನ್ನು ಹೇಳಿದವನು ಮೋನಪ್ಪ. ಉಡುಪಿ ಕಡೆಯವನು, ಪಾರ್ಲೆ ಸ್ಟೇಷನ್ನಿನ ಹತ್ತಿರ ಅವನ ಹೋಟೆಲು. ಸಾಯಬಣ್ಣ ಬೆಳಿಗ್ಗೆ ಐಸ್ ಇಳಿಸುವಾಗ ಅವನು ಪೇಪರ್ ಹಿಡಿದು ಹೊರಗೆ ಬಂದ. ಠಾಣೆಯ ಒಂದು ಕಾರ್ಖಾನೆಯವರು ಸೈಕಲ್ ಟೀಮು ಕಟ್ಟುತ್ತಿದ್ದರು. ಠಾಣೆಯಿಂದ ಪನ್ವೇಲ್, ಖೋಪೋಲಿ, ಘಾಟು ಹತ್ತಿ ಲೋನಾವಳದವರೆಗೆ ರೇಸು. ಮೊದಲ ಮೂವರಿಗೆ ಪರ್ಮನೆಂಟ್ ಕೆಲಸ, ಕಂಪನಿಯ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಎರಡನೇ ಮಾಳಿಗೆಯ ಒಣ ಖೋಲಿ. ಮೂವತ್ತು ದಾಟಿದವರು ಬರುವಂತಿಲ್ಲ.

"ನಿನಗೆ ಎಷ್ಟು ವರ್ಷ ಮಾರಾಯ?" ಎಂದು ಮೋನಪ್ಪ ಕೇಳಿದ.

"ರೇಷನ್ ಕಾರ್ಡಿನಾಗ ಇಪ್ಪತ್ತೊಂಬತ್ತ್ ಅದ್ರಿ ಸೇಟ್ರ."

"ಹಾಗಾದ್ರೆ ಇದೊಂದೇ ಸರ್ತಿ. ಸೈಕಲ್ ನಾನು ಕೊಡಿಸ್ತೇನೆ. ನಿನ್ನ ಕಾಲಲ್ಲಿ ಎಂತ ಉಂಟು ಅಂತ ನನಗೆ ಗೊತ್ತುಂಟು."

ಅಂದಿನಿಂದ ಐದು ಭಾನುವಾರ ಸಾಯಬಣ್ಣ ನಸುಕಿಗೇ ಎದ್ದು ಆ ದಾರಿ ಹಿಡಿದ. ಖೋಪೋಲಿಯವರೆಗೆ ಅವನಿಗೆ ಅದು ಆಟ. ಅಲ್ಲಿಂದ ಮುಂದೆ ರಸ್ತೆ ಗೋಡೆಗೆ ಒರಗಿಸಿದ ಏಣಿಯಂತೆ ಏಳುತ್ತಿತ್ತು. ತಿರುವಿನ ಮೇಲೆ ತಿರುವು, ಲಾರಿಗಳ ಹೊಗೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಕಣಿವೆ. ಹತ್ತಿ ಮುಗಿಯಿತು ಎನ್ನುವಾಗ ಖಂಡಾಲಾದ ಆಚೆ ಮರವಿಲ್ಲದ ಬೋಳು ಹುಲ್ಲುಗುಡ್ಡಗಳು, ಅಲ್ಲಿ ಎದೆಗೆ ಕೈಕೊಟ್ಟು ಹಿಂದೆ ನೂಕುವ ಗಾಳಿ. ಕುರಿಗಳಿಗೆ ಅದು ಸ್ವರ್ಗವಿರಬಹುದು. ಸೈಕಲ್ಲಿನವನಿಗೆ ಅಲ್ಲಿ ಬದುಕುವ ಆಸೆಯೇ ಹೋಗುತ್ತಿತ್ತು.

ಘಾಟಿನ ನಡುವೆ ಒಂದು ತಿರುವಿನಲ್ಲಿ ಶಿಂಗ್ರೋಬಾನ ಗುಡಿ. ಬ್ರಿಟಿಷ್ ಸಾಹೇಬರಿಗೆ ಈ ಬೆಟ್ಟದ ದಾರಿ ತೋರಿಸಿದ ಕುರಿಗಾಹಿ ಅವನು, ದಾರಿ ಸಿಕ್ಕಮೇಲೆ ಅವರೇ ಅವನನ್ನು ಕೊಂದರು ಎಂದು ಜನ ಕಥೆ ಹೇಳುತ್ತಾರೆ. ಲಾರಿಯವರು ಅಲ್ಲಿ ಗಾಡಿ ನಿಧಾನಿಸಿ ಕಾಸು ಎಸೆಯುತ್ತಿದ್ದರು. ಕುರುಬನಾದ ಸಾಯಬಣ್ಣನಿಗಂತೂ ಅವನು ಸ್ವಂತ ದೊಡ್ಡಪ್ಪನಂತೆ. ಮೊದಲ ಭಾನುವಾರ ಭಕ್ತಿಯಿಂದಲೇ ಇಳಿದು ಕೈಮುಗಿದ. ಎರಡನೆಯ ಭಾನುವಾರ ಇಳಿದಾಗ ಕಾಲಿಗೆ ಹಾಯೆನಿಸಿತು. ಐದನೆಯ ಭಾನುವಾರದ ಹೊತ್ತಿಗೆ ಆ ತಿರುವು ಬರುವುದಕ್ಕೆ ಮೊದಲೇ ಕಾಲು ಸಡಿಲಾಗತೊಡಗಿತ್ತು. ಎಷ್ಟು ಭಾಗ ಭಕ್ತಿ, ಎಷ್ಟು ಭಾಗ ದಣಿವು ಎಂದು ಅವನು ತೂಗಿ ನೋಡಲಿಲ್ಲ. ಆ ಇಡೀ ಘಾಟಿನಲ್ಲಿ ಗಂಡಸು ನಾಚಿಕೆಯಿಲ್ಲದೆ ಸೈಕಲ್ಲಿನಿಂದ ಇಳಿಯಬಹುದಾದ ಜಾಗ ಅದೊಂದೇ ಇತ್ತು.

"ರೇಸಿನ ದಿನ ಇಳಿಬೇಡ ಮಾರಾಯ, ವಾಪಸ್ ಬರುವಾಗ ಕೈಮುಗಿದ್ರೆ ಆಯ್ತು," ಎಂದು ಮೋನಪ್ಪ ಎಚ್ಚರಿಸಿದ್ದ. ಸುಂದ್ರವ್ವನೂ ಅದನ್ನೇ ಹೇಳಿ ಕಳಿಸಿದಳು: "ಕೂತಲ್ಲಿಂದೇ ನೆನೀರಿ. ದೇವರೇನ್ ಎದ್ದು ಓಡಿ ಹೋಗ್ತಾನ? ಖೋಲಿ ಓಡಿ ಹೋಗ್ತದ."

ಅರವತ್ತೊಂಬತ್ತನೆಯ ಇಸವಿಯ ಶ್ರಾವಣ. ರೇಸಿನ ದಿನ ಠಾಣೆಯಿಂದಲೇ ಮಳೆ. ನಲವತ್ತು ಜನ ಹೊರಟಿದ್ದರು, ಖೋಪೋಲಿಗೆ ಬರುವಷ್ಟರಲ್ಲಿ ಸಾಯಬಣ್ಣ ಎರಡನೆಯವನಾಗಿದ್ದ. ಮುಂದಿನವನ ಹಳದಿ ಬನಿಯನ್ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮೂರನೆಯವನು ಒಂದು ತಿರುವು ಕೆಳಗೆ. ಹಿಂದೆ ಜೀಪಿನಲ್ಲಿ ಮೋನಪ್ಪ ಗಂಟಲು ಹರಿದುಕೊಂಡು ಕೂಗುತ್ತಿದ್ದ. ಹೀಗೇ ತುಳಿದರೆ ಖೋಲಿ ಸಿಕ್ಕಿದಂತೆಯೇ ಎಂದು ಸಾಯಬಣ್ಣನಿಗೆ ಖಚಿತವಾಗಿತ್ತು, ಎದೆ ಕುಣಿಯುತ್ತಿತ್ತು.

ಗುಡಿಯ ತಿರುವು ಬಂತು. ಅದೇ ಹೊತ್ತಿಗೆ ಮಂಜು ಒಂದು ಗಳಿಗೆ ಸರಿದು, ಇನ್ನೂ ಹತ್ತಬೇಕಾದ ರಸ್ತೆ ತಲೆಯ ಮೇಲೆ ಕಾಣಿಸಿತು. ಅದರಾಚೆಯ ಆ ಬೋಳು ಗುಡ್ಡಗಳ ಗಾಳಿ ನೆನಪಾಯಿತು. ಸುಳ್ಳು ಹೇಳಬಾರದು, ಅವನ ಕಾಲಿನಲ್ಲಿ ಇನ್ನೂ ಶಕ್ತಿಯಿತ್ತು. ಸೋತದ್ದು ಕಾಲಲ್ಲ, ಮನಸ್ಸು. ನನ್ನಿಂದ ಆಗದು ಎಂದು ಒಳಗೊಂದು ಮಾತು ಎದ್ದಿತು, ಕಾಲು ತನ್ನ ಪಾಡಿಗೆ ನೆಲಕ್ಕೂರಿತು. ಇಳಿದಮೇಲೆ ಸುಮ್ಮನೆ ನಿಲ್ಲುವುದು ಹೇಗೆ? ಜೀಪಿನಲ್ಲಿ ಮೋನಪ್ಪ ನೋಡುತ್ತಿದ್ದಾನೆ. ಸಾಯಬಣ್ಣ ಗುಡಿಯ ಕಡೆ ತಿರುಗಿ ಕೈಮುಗಿದ, ಕಣ್ಣು ಮುಚ್ಚಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲದ ಬದಲು ದೇವರನ್ನೇ ಮುಂದೆ ಮಾಡಿದ.

ಕಣ್ಣು ಬಿಡುವಷ್ಟರಲ್ಲಿ ಇಬ್ಬರು ದಾಟಿ ಹೋದರು, ಸೈಕಲ್ ಹತ್ತುವಷ್ಟರಲ್ಲಿ ಇನ್ನೊಬ್ಬ. ತಣ್ಣಗಾದ ಕಾಲು ಮತ್ತೆ ಹಿಡಿತಕ್ಕೆ ಬರಲಿಲ್ಲ. ಲೋನಾವಳದಲ್ಲಿ ಅವನು ಐದನೆಯವನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೋನಪ್ಪ ಮೊದಲು ಬಾಯಿಗೆ ಬಂದಂತೆ ಬೈದ. ಬೈದು ಬೈದು, ಪನ್ವೇಲಿಗೆ ವಾಪಸು ಬರುವಷ್ಟರಲ್ಲಿ ಅವನ ಕಣ್ಣು ತುಂಬಿತು. "ಇಂಥ ಭಕ್ತಿ ನಾನು ಕಂಡೇ ಇಲ್ಲ ಮಾರಾಯ. ನಮ್ಮಿಂದ ಆಗುವ ಕೆಲಸವಾ ಇದು?" ಎಂದ. ಸಾಯಬಣ್ಣ ಬಾಯಿ ಬಿಡಲು ನೋಡಿದ. ಆಮೇಲೆ ರಸ್ತೆಯ ಕಡೆ ಮುಖ ತಿರುಗಿಸಿದ. ಮಾರನೆಯ ದಿನ ಹೋಟೆಲಿನ ಗಲ್ಲಾದಲ್ಲಿ ಕೂತು ಮೋನಪ್ಪ ಗಿರಾಕಿಗಳಿಗೆಲ್ಲ ಹೇಳಿದ, ವಾರದೊಳಗೆ ಆಂಟಾಪ್ ಹಿಲ್ಲಿನ ಕನ್ನಡದವರಿಗೆಲ್ಲ ಗೊತ್ತಾಯಿತು.

ರೇಸಿನ ದಿನ ಸಂಜೆ ಮೋನಪ್ಪ ಜೋಪಡಿಯ ಬಾಗಿಲಲ್ಲೇ ಎಲ್ಲ ಹೇಳಿ ಹೋದಮೇಲೆ ಸುಂದ್ರವ್ವ ಗಂಡನನ್ನು ಒಂದೇ ಮಾತು ಕೇಳಿದಳು. "ಖರೇನ ದೇವರ ಸಲುವಾಗಿ ಇಳದ್ರ್ಯಾ?"

"ಹ್ಞೂಂ," ಎಂದ ಸಾಯಬಣ್ಣ.

ದೇವರ ಮುಂದೆ ಕೈಮುಗಿದ ಗಂಡನನ್ನು ಯಾರು ಬೈಯುತ್ತಾರೆ? ಸುಂದ್ರವ್ವ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ದೇವರನ್ನು ಹಿಡಿದಳು. ಜೋಪಡಿಗೆ ನೀರು ಬಂದಾಗಲೆಲ್ಲ, ಸಾಮಾನು ಎತ್ತಿ ಹಲಗೆಯ ಮೇಲೆ ಇಡುವಾಗಲೆಲ್ಲ, "ಏ ಕುರಿ ಕಾಯೋ ದೇವರ, ನನ ಖೋಲಿ ನುಂಗಿ ಹೊಟ್ಟಿ ತುಂಬ್ತೇನೋ ನಿನಗ?" ಎಂದು ಘಾಟಿನ ದಿಕ್ಕಿಗೆ ಕೈಚಾಚಿ ಬೈದಳು. ಮನೆದೇವರು ಬೀರಪ್ಪನಿಗೂ ದೀಪ ಹಚ್ಚುವುದನ್ನು ಬಿಟ್ಟಳು, ಎಲ್ಲರೂ ಕುರಿ ಕಾಯುವ ಒಂದೇ ಕುಲದವರು ಎಂದು.

ಸಾಯಬಣ್ಣನ ಪಾಡು ಬೇರೆ. ಬೀರಪ್ಪನ ಪೂಜೆಯಲ್ಲಿ ಜನ ಅವನ ಕೈಗೇ ಭಂಡಾರದ ಅರಿಶಿನದ ತಟ್ಟೆ ಕೊಡತೊಡಗಿದರು. ಮಕ್ಕಳಿಗೆ ಜ್ವರ ಬಂದರೆ ಹಣೆಗೆ ಅರಿಶಿನ ಹಚ್ಚಲು ಅವನನ್ನೇ ಕರೆದರು. ಮೊದಮೊದಲು ಅವನಿಗೆ ಅದು ರುಚಿಸಿತು. ಐಸ್ ಹೊರುವವನಿಗೆ ಅಷ್ಟು ಮಂದಿ ಕೈಮುಗಿದರೆ ಬೇಡವೆನಿಸೀತೇ? ಬರಬರುತ್ತಾ ಅದು ಬಾಯಲ್ಲಿ ಬಿಸಿತುಪ್ಪವಾಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂದೊಂದೇ ಮಳೆಗಾಲ ಕಳೆದ. ಒಂದೊಂದು ಮಳೆಗಾಲಕ್ಕೂ ಸುಂದ್ರವ್ವನ ಮಾತು ಗಿಡ್ಡವಾಗುತ್ತಾ ಬಂತು.

ಎಪ್ಪತ್ತಾರರ ಆಷಾಢದಲ್ಲಿ ಅವಳು ಮಲಗಿದಳು. ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಬೇಕಿತ್ತು. ಒಂದು ಮಧ್ಯಾಹ್ನ ಪಕ್ಕದ ಜೋಪಡಿಯ ದಾನವ್ವ ಬಂದು, "ದೇವರಿಗೆ ತಪ್ಪಾತು ಅನ್ನವ್ವ, ಒಂದ್ ಹರಕಿ ಹೊರು. ಇಂಥಾ ಗಂಡನ್ನ ಕಟ್ಕೊಂಡೀದಿ, ಅವನ ಪುಣ್ಯಾನೇ ನಿನ್ನ ಕಾಯ್ತದ," ಎಂದು ಭಂಡಾರ ಹಚ್ಚಲು ಹೋದಳು. ಸುಂದ್ರವ್ವ ಮುಖ ತಿರುಗಿಸಿದಳು. "ನನ ಮನೀ ತಿಂದವಗ... ಹರಕಿ ಒಂದ್ ಕೇಡು," ಎಂದಳು. ದಾನವ್ವ ಗಲ್ಲ ಬಡಿದುಕೊಂಡು ಹೊರಟುಹೋದಳು.

ಸಾಯುವವಳು ದೇವರ ಮೇಲೆ ಮುನಿಸಿಟ್ಟುಕೊಂಡು ಹೋಗುವುದನ್ನು ಸಾಯಬಣ್ಣನಿಂದ ನೋಡಲಾಗಲಿಲ್ಲ. ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ದೇವರಿಗಾಗಿ ಇಳಿಯಲಿಲ್ಲ, ಅಂಜಿ ಇಳಿದೆ, ಕಾಲಿನಲ್ಲಿ ಕಸುವಿತ್ತು, ದೇವರದೇನೂ ತಪ್ಪಿಲ್ಲ ಎಂದ. ಹೇಳುವಾಗ ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸುಂದ್ರವ್ವ ಅವನ ಮುಖವನ್ನೇ ನೋಡಿದಳು. "ಹಂಗಾರ ಏಳು ವರ್ಷ ನಾ ಬೈದಿದ್ದು... ತಪ್ಪಿಲ್ಲದವಗಾ?"

ಅವನು ತಲೆ ತಗ್ಗಿಸಿ ಕಾದ. ನಲ್ಲಿಯ ಸಾಲಿಗೆ ಸಾಲೇ ನಿಂತು ಕೇಳುತ್ತಿದ್ದ ಆ ಬೈಗುಳ ಈಗ ತನ್ನ ಮೇಲೆ ಬೀಳಲಿ, ಒಂದೂ ಬಿಡದೆ ಬೀಳಲಿ ಎಂದು ಅವನ ಜೀವ ಬೇಡುತ್ತಿತ್ತು.

"ಆವತ್ತೇ ಹೇಳಿದ್ರ," ಎಂದಳು ಸುಂದ್ರವ್ವ. ಮಾತು ನಿಲ್ಲಿಸಿ ಉಸಿರೆಳೆದಳು. "ಒಂದ್ ದಿನ ನಿಮಗ ಬೈದು... ಮರುದಿನ ರೊಟ್ಟಿ ಬಡೀತಿದ್ದೆ." ಮತ್ತೆ ಉಸಿರೆಳೆದಳು, ಈ ಸಲ ಬಹಳ ಹೊತ್ತು. "ಈಗ ಬೈಲಾಕ ನನ್ನ ಬಲ್ಲಿ ಉಸಿರು ಎಲ್ಲಿ ಅದರಿ?"

ಅವಳು ಇನ್ನೂ ಒಂಬತ್ತು ದಿನ ಬದುಕಿದ್ದಳು. ಸಾಯಬಣ್ಣ ಅವಳ ಕಾಲ ಬಳಿಯಿಂದ ಏಳಲಿಲ್ಲ, ಅವಳು ಅವನನ್ನು ಬೈಯಲಿಲ್ಲ.