ಗಾಜಿನ ಮೇಲೊಂದು ಚಿಟಿಕೆ ವಿಭೂತಿ

ಗೆಳೆಯರೇ, ಇವತ್ತು ಕೊಪ್ಪಳದ ಡಾಕ್ಟರಮ್ಮ ನನ್ನ ಹೆಂಡತಿಯ ಎದೆಯ ಗಂಟಿಗೆ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಪಟ್ಟಿಗೆ ಸವರಿ ಕಿಟಕಿಯಲ್ಲಿ ಒಣಗಲು ಇಟ್ಟರು. ಜೀವಕೋಶದ ನಡುವಿನ ದೊಡ್ಡ ಬೀಜದ ಪಕ್ಕ ಸಣ್ಣ ಮರಿಬೀಜಗಳು ಹೆಚ್ಚು ಕಂಡರೆ ಕ್ಯಾನ್ಸರ್ ಗುಮಾನಿಯಂತೆ. ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಣಿಸತೊಡಗಿದರು. ಎಣಿಕೆ ಮುಗಿಯಲೇ ಇಲ್ಲ. ಅಂಗಡಿಯಲ್ಲಿ ದುಡ್ಡು ಎಣಿಸಿಯೇ ಬೆಳೆದ ನನಗೆ ಮೊದಲ ಸಲ ಎಣಿಕೆ ನಿಂತರೆ ಸಾಕು ಅನ್ನಿಸಿತು.

ಡಾಕ್ಟರಮ್ಮ ತಲೆಯೆತ್ತಿದರು. "ಚುಕ್ಕಿ ಕೋಶದ ಹೊರಗೂ ಅದಾವಲ್ರಿ. ಯಾರರ ಇದನ್ನ ಮುಟ್ಟೀರೇನು?"

ಕಿಟಕಿಯ ಬಳಿ ನಿಂತಿದ್ದ ನಮ್ಮವ್ವ ಸೆರಗು ಸರಿಮಾಡಿಕೊಂಡಳು. "ಮುಟ್ಟಿಲ್ಲವ್ವಾ. ಛಲೋ ಆಗ್ಲಿ ಅಂತ ಒಂದ್ ಚಿಟಿಕಿ ವಿಭೂತಿ ಉದುರಿಸೀನಿ, ಅಷ್ಟ."

"ಅತ್ತಿ, ಇನ್ನೊಮ್ಮೆ ಚುಚ್ಚಿಸಿಕೊಳ್ಳಾಕಿ ನಾನ ಅಲ್ಲೇನ್ರಿ?" ಎಂದಳು ಹೆಂಡತಿ.

ಎರಡನೆಯ ಗಾಜಿಗೆ ನಾನೇ ಕಾವಲು ನಿಂತೆ. ಈ ಸಲ ಎಣಿಕೆ ಬೇಗ ಮುಗಿಯಿತು. "ಮರಿಬೀಜ ಕಾಣವಲ್ವು. ಕೋಶಾನೂ ನೆಟ್ಟಗ ಅದಾವ. ಸಾದಾ ಗಂಟು, ಅಂಜಬ್ಯಾಡ್ರಿ," ಎಂದರು ಡಾಕ್ಟರಮ್ಮ.

ಟಾಂಗಾ ಹತ್ತಿದ ಕೂಡಲೇ ಅವ್ವ ಹೇಳಿದಳು: "ನೋಡಿದ್ಯಾ, ವಿಭೂತಿ ಹಾಕಿದ್ದಕ್ಕ ಆರಾಮಾತು."

ಎರಡು ಸಲ ಚುಚ್ಚಿಸಿಕೊಂಡವಳು ನನ್ನ ಮುಖ ನೋಡಿದಳು. ನಾನು ನಮ್ಮೂರು ಭಾಗ್ಯನಗರ ಬರುವವರೆಗೂ ಕುದುರೆಯನ್ನೇ ನೋಡುತ್ತ ಕುಳಿತೆ.