ಹುಳದ ಮನೆಯ ಹೂವೂ ಕಾರ್ಖಾನೆಯ ನೀರೂ

ನಾನು ಮದುವೆಯಾಗಿ ಯಳಂದೂರು ಬಿಟ್ಟು ಕೊಳ್ಳೇಗಾಲದ ಪಕ್ಕದ ಹಳ್ಳಿಗೆ ಬಂದಾಗ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿಯೂ ಇರಲಿಲ್ಲ. ಆದರೂ ಮಹಾರಾಜರ ಸೀಮೆ ಮುಗಿದು ಮದ್ರಾಸಿನ ಸೀಮೆ ಶುರುವಾಗಿತ್ತು. ನಮ್ಮ ಕಡೆ ಅಮಲ್ದಾರರು, ಇಲ್ಲಿ ತಹಶೀಲ್ದಾರರು. ಸಂತೆಯಲ್ಲಿ ಅರ್ಧ ಮಾತು ತಮಿಳು. ಅದಕ್ಕೆಲ್ಲ ಬೇಗ ಒಗ್ಗಿಕೊಂಡೆ. ಒಗ್ಗದೆ ಹೋದದ್ದು ಹುಳಕ್ಕೆ. ನಮ್ಮ ತವರಿನಲ್ಲಿ ಭತ್ತ ಬೆಳೆಯುತ್ತಿದ್ದರು, ಭತ್ತ ಗದ್ದೆಯಲ್ಲಿರುತ್ತಿತ್ತು, ನಾವು ಮನೆಯಲ್ಲಿರುತ್ತಿದ್ದೆವು. ಇಲ್ಲಿ ರೇಷ್ಮೆಹುಳ ನಡುಮನೆಯ ತುಂಬ ಬಿದಿರಿನ ತಟ್ಟೆಗಳಲ್ಲಿ ಹಾಯಾಗಿರುತ್ತಿತ್ತು, ನಾವು ಉಳಿದ ಮೂಲೆಗಳಲ್ಲಿ ಮುದುರಿಕೊಳ್ಳುತ್ತಿದ್ದೆವು.

ಬಂದ ಹೊಸದರಲ್ಲೇ ನಮ್ಮತ್ತೆ ನನ್ನನ್ನು ನಡುಮನೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು, "ನೋಡು ಕೂಸು, ಹುಳಕ್ಕೆ ಮೂಗದೆ. ಒಗ್ಗರಣೆ ವಾಸ್ನೆ ಆಗಕಿಲ್ಲ, ಒಗೆಸೊಪ್ಪು ಆಗಕಿಲ್ಲ. ಹೂವಂತೂ ಆಗಕೇ ಇಲ್ಲ" ಅಂದರು.

ನನಗೆ ಚಿಕ್ಕಂದಿನಿಂದಲೂ ಪ್ರಶ್ನೆ ಕೇಳುವ ಕಾಯಿಲೆ. "ಮೂಗ್ ಎಲ್ಲದೆ ಅತ್ತೆ?" ಎಂದು ಕೇಳಿಬಿಟ್ಟೆ.

"ಅದ ಉಡುಕಾಕೆ ನಿನ್ನ ತಂದಿಲ್ಲ ಕಣವ್ವ" ಅಂದು ಅವರು ಸೊಪ್ಪು ಹೆಚ್ಚಲು ಕೂತರು. ಬೈದದ್ದಲ್ಲ, ತುಟಿಯಂಚಿನಲ್ಲಿ ನಗು ಇತ್ತು. ಅವರ ತಲೆಯಲ್ಲಿ ಒಂದು ಎಸಳು ಹೂವೂ ಇರಲಿಲ್ಲ. ಹಬ್ಬದ ದಿನವೂ ಇರುತ್ತಿರಲಿಲ್ಲ. ಮಾವ ಗಟ್ಟಿಮುಟ್ಟಾಗಿ ಎದುರಿಗೇ ಓಡಾಡಿಕೊಂಡಿರುವಾಗ ಈ ಹೆಂಗಸು ಯಾಕೆ ಹೂ ಮುಡಿಯುವುದಿಲ್ಲ ಎಂದು ಯೋಚಿಸಿ, ಇವರಿಗೆ ಹೂವೆಂದರೆ ಆಸೆಯಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ನನಗೋ ಮಲ್ಲಿಗೆಯೆಂದರೆ ಪ್ರಾಣ.

ಆಗ ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕು ಅಂತ ಎಲ್ಲೆಲ್ಲೂ ನೂಲು ತೆಗೆಯುವ ಕಾರ್ಖಾನೆಗಳು ಏಳುತ್ತಿದ್ದವು. ನಮ್ಮೂರಿನ ಮೇಲ್ಗಡೆಯೂ ಒಂದು ಬಂತು. ದೊಡ್ಡ ಬಾಯ್ಲರು, ತಗಡಿನ ಚಾವಣಿ, ಬೆಳಿಗ್ಗೆ ಕೂಗುವ ಸೀಟಿ. ಹನೂರಿನ ಕಾಡಿನಿಂದ ಗಾಡಿಗಟ್ಟಲೆ ಸೌದೆ ಬರುತ್ತಿತ್ತು. ನಮ್ಮ ಯಜಮಾನರೂ ಬಿಡುವಿದ್ದಾಗ ಗಾಡಿ ಕಟ್ಟುತ್ತಿದ್ದರು. ನೂಲು ಬಿಚ್ಚಲು ರೇಷ್ಮೆಗೂಡು ಬೇಯಿಸುವ ವಾಸನೆ ಊರಿಗೆಲ್ಲ ಹಬ್ಬಿ ಮೊದಲ ವಾರ ನನಗೆ ಅನ್ನ ಸೇರಲಿಲ್ಲ. ಆಮೇಲೆ ಮೂಗು ಸತ್ತುಹೋಯಿತು.

ಕಾರ್ಖಾನೆಯ ನೀರು ಒಂದು ಕಾಲುವೆಯಾಗಿ ನಮ್ಮ ಹಿಪ್ಪುನೇರಳೆ ತೋಟದ ಬದುವಿನ ಪಕ್ಕದಲ್ಲೇ ಹರಿದು ಹಳ್ಳ ಸೇರುತ್ತಿತ್ತು. ಮಂದವಾದ, ಹಳದಿ ಬಣ್ಣದ ನೀರು. ಊರಿನವರು ಯಾರೂ ಅದನ್ನು ಹೊಲಸು ಅನ್ನಲಿಲ್ಲ. ನಮ್ಮತ್ತೆ ಅದನ್ನು ಬೊಗಸೆಯಲ್ಲಿ ಎತ್ತಿ ನೋಡಿ ಖುಷಿಪಟ್ಟರು. ಹುಳ ತಿಂದು ಬಿಟ್ಟ ಕಸವನ್ನೂ ಹಿಕ್ಕೆಯನ್ನೂ ತೋಟಕ್ಕೇ ಹಾಕುವುದು ಅಲ್ಲಿನ ಪದ್ಧತಿ. ಹುಳದ್ದು ಹುಳದ ಸೊಪ್ಪಿಗೇ ಹೋಗಬೇಕು, ಬೇರೆಯವರ ಹೊಲಕ್ಕೆ ಹೋಗಬಾರದು ಅನ್ನುವಷ್ಟು ಕಟ್ಟುನಿಟ್ಟು. ಗೂಡು ಬೇಯಿಸಿದ ನೀರೂ ಹುಳದ್ದೇ ತಾನೇ? ಅವರೇ ಗುದ್ದಲಿ ತಗೊಂಡು ಬದು ಕಡಿದು ತೋಟದ ಕೆಳಗಿನ ಅರ್ಧಕ್ಕೆ ಆ ನೀರು ತಿರುಗಿಸಿದರು. ಮೇಲಿನ ಅರ್ಧ ಎಂದಿನಂತೆ ಎತ್ತು ಎಳೆಯುವ ಕಪಿಲೆಯ ಬಾವಿನೀರಿಗೇ ಉಳಿಯಿತು. ಕೆಳಗಿನ ಸೊಪ್ಪು ನೋಡನೋಡುತ್ತ ಅಂಗೈಯಗಲ ಕಪ್ಪಗೆ ಬೆಳೆಯಿತು. ದಾರಿಹೋಕರು ನಿಂತು ನೋಡಿ ಹೋಗುತ್ತಿದ್ದರು.

ಎರಡೂ ಕಡೆಯ ಸೊಪ್ಪು ಬೆರೆಸಿ ಎಲ್ಲ ತಟ್ಟೆಗೂ ಹಾಕಿದೆವು. ಅದನ್ನು ತಿಂದ ಹುಳ ನಾಲ್ಕನೇ ಜ್ವರಕ್ಕೆ ಮಲಗಿದ್ದು ಸರಿಯಾಗಿ ಏಳಲಿಲ್ಲ. ಹುಳ ಪೊರೆ ಕಳಚುವ ಮೊದಲು ತಿನ್ನುವುದು ಬಿಟ್ಟು ಮಲಗುವುದಕ್ಕೆ ಜ್ವರ ಅನ್ನುತ್ತಾರೆ. ಎದ್ದವುಗಳಲ್ಲಿ ಕೆಲವು ಗಿಡ್ಡಗೇ ಉಳಿದವು, ಕೆಲವು ಮೆತ್ತಗಾಗಿ ತಟ್ಟೆಯ ಅಂಚಿಗೆ ನೇತುಬಿದ್ದವು. ನಮ್ಮತ್ತೆ ತಟ್ಟೆ ತಟ್ಟೆಯನ್ನೂ ಗುಂಡಿಗೆ ಸುರಿದರು. ಹಿಂದಿನ ವಾರ ನಾನು ಪಕ್ಕದ ಬೀದಿಯ ಮದುವೆಗೆ ಮಲ್ಲಿಗೆ ಮುಡಿದು ಹೋಗಿ, ಮರೆತು ಹಾಗೇ ನಡುಮನೆ ದಾಟಿದ್ದೆ. ಅದನ್ನು ನೋಡದವರು ಇರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ, ಆದರೆ ಅವತ್ತಿನಿಂದ ನನ್ನ ಒಲೆ ಜಗಲಿಗೆ ಬಂತು, ಹಾಸಿಗೆ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಮುಂದಿನ ಬೆಳೆಯಲ್ಲಿ ನಾನು ಹೊಸಿಲೂ ತುಳಿಯಲಿಲ್ಲ. ಅದೂ ಸತ್ತಿತು.

"ಬಾಗ್ಲಾಚೆ ಇದ್ರೂ ಗಾಳೀಲಿ ಬತ್ತದೆ ಕೂಸು" ಅಂದರು ಅತ್ತೆ, ನನ್ನ ಮುಖ ನೋಡದೆ. "ಇನ್ನೊಂದ್ ಬೆಳೆ ನೋಡವ. ಅದೂ ಹೋದ್ರೆ, ಮನೇಲಿ ಹುಳ ಇರೋಗಂಟ ನೀನು ಯಳಂದೂರಲ್ಲೇ ಇರು."

ಆ ಸೀಮೆಯಲ್ಲಿ ಹುಳ ಮನೆಯಲ್ಲಿಲ್ಲದ ತಿಂಗಳು ಯಾವುದು? ಒಂದು ಬೆಳೆ ಗೂಡು ಕಟ್ಟುವ ಹೊತ್ತಿಗೆ ಇನ್ನೊಂದರ ಮೊಟ್ಟೆ ತಂದಿರುತ್ತಾರೆ. ಅವರು ಹೇಳಿದ್ದರ ಅರ್ಥ ನನಗೂ ಗೊತ್ತಿತ್ತು, ನಮ್ಮವರಿಗೂ ಗೊತ್ತಿತ್ತು. ನಮ್ಮವರು ಎತ್ತಿಗೆ ಹುಲ್ಲು ಹಾಕುತ್ತಲೇ ಇದ್ದರು. ನನಗೆ ಅಳುವಿಗಿಂತ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಅನುಮಾನ ಬಂತು. ಒಂದು ಮೊಳ ಮಲ್ಲಿಗೆಗೆ ಸಾಯುವ ಹುಳ ಕಾರ್ಖಾನೆಯ ಆ ಗಬ್ಬುನಾತ ಹೇಗೆ ತಡೆದುಕೊಂಡಿತು?

ಒಳಗೆ ಕೆಲಸವಿಲ್ಲದ್ದರಿಂದ ತೋಟ ಸುತ್ತುವುದೇ ಕೆಲಸವಾಯಿತು. ಮೇಲಿನ ಅರ್ಧದಲ್ಲಿ ಹೆಜ್ಜೆಯಿಟ್ಟರೆ ಕಪ್ಪೆ ನೆಗೆಯುತ್ತಿದ್ದವು, ಮಣ್ಣು ಕೆದಕಿದರೆ ಎರೆಹುಳ ಸಿಗುತ್ತಿತ್ತು. ಕೆಳಗಿನ ಅರ್ಧದಲ್ಲಿ ಒಂದು ಕಪ್ಪೆಯೂ ಇಲ್ಲ. ಗಿಡದ ಬುಡದಲ್ಲಿ ಬಿಳಿ ನೊರೆ ಒಣಗಿ ಅಂಟಿಕೊಂಡಿತ್ತು, ಕೆಳಗಿನ ಎಲೆಗಳ ಮೇಲೂ ಅದರ ಕಲೆ. ಕಾಲುವೆ ಹಿಡಿದು ಮೇಲಕ್ಕೆ ನಡೆದೆ. ಕಾರ್ಖಾನೆಯ ಗೋಡೆಯಿಂದ ಎರಡು ಮೋರಿ ಹೊರಗೆ ಬರುತ್ತಿದ್ದವು. ಒಂದರಲ್ಲಿ ಹಬೆಯಾಡುವ ಬಿಸಿನೀರು. ಇನ್ನೊಂದಕ್ಕೆ ಬೆರಳಿಟ್ಟರೆ ತಣ್ಣಗಿತ್ತು. ಇಣುಕಿ ನೋಡಿದೆ. ಗೂಡು ಆರಿಸುವ ಕಡೆ, ಒಳಗೆ ಹುಳ ಸತ್ತು ಕೊಳೆತ ಗೂಡುಗಳನ್ನು ಬೇರೆ ಮಾಡಿ, ನೆಲಕ್ಕೆ ನೀರು ಹೊಡೆದು ತೊಳೆಯುತ್ತಿದ್ದರು. ಸುತ್ತಲ ಎಷ್ಟೋ ಊರುಗಳ ರೋಗದ ಹುಳ ಹಸಿಹಸಿಯಾಗಿ ನಮ್ಮ ಕಾಲುವೆಗೆ ಇಳಿಯುತ್ತಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ಕೂತೆ. "ಅತ್ತೆ, ನಂಗೆ ಎರಡು ತಟ್ಟೆ ಮರಿಹುಳ ಕೊಡಿ. ಕೊಟ್ಟಿಗೇಲಿ ಸಾಕ್ತೀನಿ. ಒಂದ್ಕೆ ಮೇಲಿನ ಸೊಪ್ಪು, ಒಂದ್ಕೆ ಕೆಳಗಿನ ಸೊಪ್ಪು. ಎರಡ್ಕೂ ನಾನೇ ಹೂ ಮುಡ್ಕಂಡು ಸೊಪ್ಪಾಕ್ತೀನಿ."

"ಹೂ ಮುಡ್ಕಂಡಾ?"

"ನನ್ ಹೂವೇ ಕೊಲ್ಲೋದಾದ್ರೆ ಎರಡೂ ಸಾಯ್ಬೇಕಲ್ವಾ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೊಸೆಗೆ ತಲೆ ಕೆಟ್ಟಿತು ಅಂದುಕೊಂಡರೇನೋ ಎಂದು ನನಗೆ ಭಯವೂ ಆಯಿತು. ಆದರೆ ಅವರು ಎದ್ದು, ಒಳಗಿಂದ ಒಂದೇ ಚಿಟ್ಟೆ ಇಟ್ಟ ಮೊಟ್ಟೆಗಳ ಮರಿಗಳನ್ನು ಎರಡು ತಟ್ಟೆಗೆ ಹಂಚಿ ತಂದು ಕೊಟ್ಟರು. ಉಳಿದ ಹುಳವನ್ನು ನಡುಮನೆಯಲ್ಲಿ ತಾವೇ ಸಾಕಿದರು, ಆದರೆ ಅವಕ್ಕೆ ಮೇಲಿನ ಸೊಪ್ಪನ್ನೇ ಕೊಯ್ದು ತಂದದ್ದನ್ನು ನಾನು ಗಮನಿಸಿದೆ.

ಕೊಟ್ಟಿಗೆಯ ಎರಡು ಮೂಲೆಗೆ ಎರಡು ತಟ್ಟೆ. ಇರುವೆ ಹತ್ತದ ಹಾಗೆ ಕಾಲುಗಳ ಕೆಳಗೆ ನೀರಿನ ಬಟ್ಟಲು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬೂದಿಯಲ್ಲಿ ಕೈ ತೊಳೆಯುತ್ತಿದ್ದೆ. ತಲೆ ತುಂಬ ಮಲ್ಲಿಗೆ, ಸಾಲದ್ದಕ್ಕೆ ಸಂಪಿಗೆ. ಅಷ್ಟು ಹೂವನ್ನು ನನ್ನ ಮದುವೆಯಲ್ಲೂ ಮುಡಿದಿರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಸಗಣಿ ಬಾಚುವ ನೆಪದಲ್ಲಿ ಬಂದು ಎರಡೂ ತಟ್ಟೆ ಇಣುಕಿ ಹೋಗುತ್ತಿದ್ದರು. ಒಂದು ದಿನ ನೆಪವನ್ನೂ ಬಿಟ್ಟು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಇದ್ಯಾಕೆ ಗಿಡ್ಡಗದೆ, ಅದ್ಯಾಕೆ ಉದ್ದಕ್ಕದೆ?" ಎಂದು ಕೇಳಿದರು. ಪ್ರಶ್ನೆ ಕೇಳುವ ಕಾಯಿಲೆ ಅಂಟುಜಾಡ್ಯ ಎಂದು ನನಗೆ ಆಗ ಗೊತ್ತಾಯಿತು.

ಕೆಳಗಿನ ಸೊಪ್ಪಿನ ತಟ್ಟೆ ನಾಲ್ಕನೇ ಜ್ವರದಲ್ಲೇ ನೆಲಕಚ್ಚಿತು. ಮೇಲಿನ ಸೊಪ್ಪಿನದು ಹೊಟ್ಟೆತುಂಬ ಮೇದು ಹಣ್ಣಾಗಿ, ಬಿದಿರು ಸುರುಳಿಯ ಚಂದ್ರಿಕೆ ಹತ್ತಿತು, ಗೂಡು ಕಟ್ಟಿತು. ಅತ್ತೆ ಸತ್ತ ತಟ್ಟೆಯನ್ನೂ ಒಂದು ಹಿಡಿ ಗೂಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಗುದ್ದಲಿ ತಗೊಂಡು ಹೋಗಿ, ತಾವೇ ಕಡಿದ ಬದುವನ್ನು ತಾವೇ ಮುಚ್ಚಿದರು.

ಮಾರನೆಯ ದಿನ ಮಾವನನ್ನು ಮುಂದಿಟ್ಟುಕೊಂಡು ಅತ್ತೆ ಕಾರ್ಖಾನೆಗೆ ಹೊರಟರು. ಸತ್ತ ತಟ್ಟೆ ಹಿಡಿದು ನಾನೂ ನಮ್ಮವರೂ ಹಿಂದೆ. ಅಲ್ಲಿನ ಮ್ಯಾನೇಜರು ಕೊಯಮತ್ತೂರಿನ ಕಡೆಯವರು, ಕನ್ನಡವನ್ನು ಎಡವುತ್ತ ಮಾತಾಡುವ ಸಭ್ಯ ಮನುಷ್ಯ.

"ಕುದ್ದ ತಣ್ಣಿ, ಕುದ್ದ ನೀರು ಅಮ್ಮಾ ಅದು. ಅದರಲ್ಲಿ ರೋಗ ಎಲ್ಲಿ ಉಳಿಯತ್ತೆ?" ಅಂದರು.

ನಾನು ಸೆರಗು ಸರಿಮಾಡಿಕೊಂಡು, ತಣ್ಣಗಿನ ಮೋರಿ ಒಂದಿದೆ, ಅದನ್ನು ಮುಟ್ಟಿ ನೋಡಿ ಅಂದೆ. ಅವರು ಎದ್ದು ಹೋಗಿ ನಿಜವಾಗಿಯೂ ಬೆರಳಿಟ್ಟು ನೋಡಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆವಾಗಲೇ.

"ನಮ್ ಹುಳ ಸತ್ರೆ ನೀವು ಏನ ಬೇಯಿಸೀರಿ ಸಾ?" ಎಂದು ಅತ್ತೆ ಕೇಳಿದರು. ಸುತ್ತಲಿಂದ ಬರುವ ಗೂಡು ಕಡಿಮೆಯಾಗುತ್ತಿದ್ದದ್ದು ಮ್ಯಾನೇಜರಿಗೂ ತಲೆನೋವಾಗಿತ್ತಂತೆ.

ಕೊಳೆತ ಗೂಡನ್ನು ಬಾಯ್ಲರಿನ ಬೆಂಕಿಗೇ ಹಾಕುವುದೆಂದು ಅಲ್ಲೇ ಮಾತಾಯಿತು. ತೊಳೆದ ನೀರಿಗೆ ಸುಣ್ಣ ಹಾಕಿ ಗುಂಡಿಯಲ್ಲಿ ನಿಲ್ಲಿಸುವುದೆಂದೂ ಆಯಿತು. ಗುಂಡಿ ತುಂಬಿದರೆ ಏನು ಗತಿ ಎಂದು ಮ್ಯಾನೇಜರು ಕೇಳಿದಾಗ, ಅಷ್ಟು ಹೊತ್ತು ಬಾಯಿ ಬಿಡದ ನಮ್ಮವರು ಬಾಯಿ ಬಿಟ್ಟರು. "ಹನೂರ್ ಕಾಡ್ನ ಕೂಪು ಕೂಪಾಗಿ ಪಾಲು ಮಾಡಿ ಸೌದೆ ಕಡಿಯಲ್ವಾ ಸಾ? ಈ ವರ್ಸ ಈ ಕೂಪು, ಮುಂದ್ಲ ವರ್ಸ ಆ ಕೂಪು. ಕಡ್ದದ್ದು ಚಿಗ್ರೋಗಂಟ ಅದ ಮುಟ್ಟಾಕಿಲ್ಲ. ಗುಂಡೀನೂ ಅಂಗೇ ಮಾಡಿ. ಒಂದು ತುಂಬ್ತಾ ಇರ್ಲಿ, ಒಂದು ಒಣುಗ್ತಾ ಇರ್ಲಿ." ಮ್ಯಾನೇಜರು ನಕ್ಕು ಒಪ್ಪಿಕೊಂಡರು. ನಾನು ನನ್ನ ಗಂಡನನ್ನು ಹೊಸದಾಗಿ ನೋಡಿದ ಹಾಗೆ ನೋಡಿದೆ. ಗುಂಡಿಗಳಿಂದ ತಿಳಿಯಾಗಿ ಬಂದ ನೀರು ತೆಂಗಿಗೂ ದನದ ಮೇವಿಗೂ ಹೋಯಿತು. ಹಿಪ್ಪುನೇರಳೆಗೆ ಅದರ ಒಂದು ಹನಿಯೂ ಬೇಡವೆಂದು ಊರಿನವರೇ ಕಟ್ಟು ಮಾಡಿಕೊಂಡರು. ಮುಂದಿನ ಮಳೆಗಾಲದಲ್ಲಿ ಕೆಳಗಿನ ತೋಟದಲ್ಲಿ ಕಪ್ಪೆ ಕೂಗಿದವು, ನಾನು ಕೆಲಸ ಬಿಟ್ಟು ಬದುವಿನ ಮೇಲೆ ನಿಂತು ಕೇಳಿದೆ.

ಹೊಸ ಬೆಳೆಯ ಮೊಟ್ಟೆಯೊಡೆದ ಮರಿಗಳನ್ನು ತಟ್ಟೆಗೆ ಎತ್ತುವ ದಿನ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಹೊಸಿಲಾಚೆಯೇ ನಿಂತಿದ್ದೆ. ಮುಡಿದಿದ್ದ ಮಲ್ಲಿಗೆ ತೆಗೆದು ಕೈಯಲ್ಲಿ ಹಿಡಿದಿದ್ದೆ. ಒಳಗಿಂದ ಅತ್ತೆ ನೋಡಿದರು.

"ಯಾಕ್ ತೆಗ್ದೆ? ಮುಡ್ಕಂಡು ಒಳೀಕೆ ಬಾ."

ಒಳಗೆ ಹೋದೆ. ಅವರು ನನ್ನ ಕೈಯಲ್ಲಿದ್ದ ಹೂವನ್ನೇ ನೋಡುತ್ತಿದ್ದರು.

"ನಾನ್ ಬಂದ್ ವರ್ಸಾನೂ ಹುಳ ಸತ್ತಿದ್ದೊ ಕಣ್ ಕೂಸು" ಅಂದರು. "ಆಗ ಯಾವ್ ಕಾರ್ಖಾನೆ ಇತ್ತು, ಯಾವ್ ನೀರಿತ್ತು? ಏನ್ ಆಗಿತ್ತೋ ಯಾರ್ಗೂ ಗೊತ್ತಿಲ್ಲ. ನನ್ ಹೂವೇ ಅಂದ್ರು. ನಾನೂ ಊಂ ಅಂದೆ. ಅವತ್ತಿಂದ ಮುಡ್ದಿಲ್ಲ."

ಅವರು ನನ್ನ ಕಡೆಗೆ ಬೆನ್ನು ತಿರುಗಿಸಿ ಕೂತು, ತಮ್ಮ ನರೆತ ತುರುಬನ್ನು ಸ್ವಲ್ಪ ಸಡಿಲ ಮಾಡಿಕೊಂಡರು.

ಮಾಲೆಯನ್ನು ಎರಡು ತುಂಡು ಮಾಡಿ ದೊಡ್ಡದನ್ನು ಅವರಿಗೆ ಮುಡಿಸಿದೆ. ಆ ಕೂದಲಿಗೆ ಹೂವಿನ ಅಭ್ಯಾಸ ತಪ್ಪಿಹೋಗಿತ್ತು. ಮತ್ತೆ ಮತ್ತೆ ಜಾರುತ್ತಿತ್ತು, ನಾನು ಮತ್ತೆ ಮತ್ತೆ ಸಿಕ್ಕಿಸುತ್ತಿದ್ದೆ. ಅವರು ತಲೆ ಅಲ್ಲಾಡಿಸದೆ ಮರಿಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು.