ಕಾಲು ಮುಟ್ಟಿ ನೋಡಿದ ತಿಪ್ಪೇರುದ್ರಮ್ಮನವರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹೆಣ್ಣುಮಕ್ಕಳ ಆರೋಗ್ಯದ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ, ಆಸ್ಪತ್ರೆಯ ಕಟ್ಟಡಗಳಿಗಿಂತ ಮೊದಲು ಬರೆಯಬೇಕಾದದ್ದು ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಬಸ್ಸಿಲ್ಲದ ಊರುಗಳಿಗೆ ನಡೆದ ಆರೋಗ್ಯ ಸಹಾಯಕಿಯರ ಹೆಸರುಗಳನ್ನು. ಆ ಸಾಲಿನಲ್ಲಿ ಶ್ರೀಮತಿ ತಿಪ್ಪೇರುದ್ರಮ್ಮನವರದು ಎದ್ದು ಕಾಣುವ ಹೆಸರು. ಮೂವತ್ತೊಂದು ವರ್ಷಗಳ ಸೇವೆಯನ್ನು ಮುಗಿಸಿ ಈ ೨೦೦೮ರಲ್ಲಿ ನಿವೃತ್ತರಾಗುತ್ತಿರುವ ಅವರಿಗೆ ಶಾಲು ಹೊದಿಸುವುದು ಸುಲಭ. ಆದರೆ ಈ ಅಭಿನಂದನ ಸಂಪುಟಕ್ಕೆ ಒಪ್ಪಿಗೆ ಕೊಡುವಾಗಲೇ ಅವರೊಂದು ಕರಾರು ಹಾಕಿದರು:

"ಹೊಗಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಕೆಂಚಕ್ಕಗ ನಾ ಮಾಡಿದ್ದನ್ನ ಬಿಟ್ಟು ಹೊಗಳಿದ್ರ, ಆ ಪುಸ್ತಕ ನಮ್ಮನಿಗೆ ತರಬ್ಯಾಡ್ರಿ."

೧೯೯೩ರಲ್ಲಿ ಅವರು ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಯನ್ನು ನೋಡಿಕೊಳ್ಳುತ್ತಿದ್ದರು. ಆ ಊರ ಕೇರಿಯ ಕೆಂಚಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆರಿಗೆಯಾದ ಮೇಲೆ ಅವಳ ಕಾಲುಗಳು ದಪ್ಪಗಾಗತೊಡಗಿದವು. ಸೊಂಟದಿಂದ ಮೇಲೆ ಜೋಳದ ದಂಟು, ಕೆಳಗೆ ಬೇವಿನ ಬೊಡ್ಡೆ. ತಿಪ್ಪೇರುದ್ರಮ್ಮ ಅಂಗಳದಲ್ಲಿ ನಿಂತೇ ನೋಡಿದರು, ಅವಳ ಬಾಣಂತಿ ಕಾರ್ಡಿನಲ್ಲಿ 'ಆನೆಕಾಲು' ಎಂದು ಬರೆದರು, ಮುಂದಿನ ಮನೆಗೆ ನಡೆದರು. ಒಳಗೆ ಹೋಗಲಿಲ್ಲ, ಕೂರಲಿಲ್ಲ, ಮುಟ್ಟಲಿಲ್ಲ. ಕೇರಿಯಲ್ಲಿ ಮೈ ಮುಟ್ಟಿ ಬಂದವರಿಗೆ ಊರೊಳಗಿನ ಮನೆಗಳಲ್ಲಿ ಒಂದು ಲೋಟ ನೀರೂ ಹುಟ್ಟುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಬರೆದ ಆ ಒಂದು ಮಾತು ಬರೆದವರಿಗಿಂತ ಬೇಗ ನಡೆಯಿತು. ಕೆಂಚಕ್ಕನ ಗಂಡ ಜಂಬಣ್ಣ ಹೆಂಡತಿಯನ್ನೂ ಹೆಣ್ಣುಕೂಸನ್ನೂ ಕರೆದೊಯ್ಯಲು ಬರಲೇ ಇಲ್ಲ. ಕಳೆ ತೆಗೆಯುವ ಹೆಂಗಸರು ಬುತ್ತಿ ಬಿಚ್ಚುವಾಗ ಅವಳು ದೂರ ಕೂರುವಂತಾಯಿತು. ತಿಂದೂ ತಿಂದೂ ಊದಿದಳೆಂದು ಕೆಲವರು ಆಡಿಕೊಂಡದ್ದಕ್ಕೆ ಅವಳು ಒಂದು ಹೊತ್ತಿನ ಊಟವನ್ನೂ ಬಿಟ್ಟಳು. ಎರಡು ಹೊತ್ತಿನ ರೊಟ್ಟಿಗೆ ದಿನವಿಡೀ ದುಡಿಯುವ ಹೆಣ್ಣಿಗೆ ಕಡಿಮೆ ತಿನ್ನು ಎಂದು ಬುದ್ಧಿ ಹೇಳುವ ಸಮಾಜ ನಮ್ಮದು!

ಕೇರಿಯಲ್ಲಿ ಅಂಗಳ ದಾಟದ ತಿಪ್ಪೇರುದ್ರಮ್ಮನವರಿಗೆ ಇದಾವುದೂ ಗೊತ್ತಾಗಲಿಲ್ಲ. ೧೯೯೫ರಲ್ಲಿ ಅವರಿಗೆ ಹಲವಾಗಲಿಗೆ ವರ್ಗವಾಯಿತು. ಹೊಳೆ ತುಂಬಿ ಬಂದ ವರ್ಷ ಶಾಲೆಯ ಕೋಣೆಯಲ್ಲೇ ಮೂರು ಹೆರಿಗೆ ಮಾಡಿಸಿ, ತಮ್ಮ ಸೀರೆಗಳನ್ನೇ ಹರಿದು ಕೂಸುಗಳಿಗೆ ಸುತ್ತಿದ್ದನ್ನು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ಅನಂತರ ಹಗರಿಬೊಮ್ಮನಹಳ್ಳಿಗೆ ಬಂದರು. ಅಲ್ಲಿ ೨೦೦೨ರ ಬೇಸಿಗೆಯಲ್ಲಿ ನಡೆದ ತರಬೇತಿಯಲ್ಲಿ ಹಿರಿಯ ವೈದ್ಯರಾದ ಹುಲುಗಪ್ಪನವರು ದುಗ್ಧರಸದ ವಿಷಯ ತೆಗೆದರು. ರಕ್ತನಾಳದ ಜೊತೆಜೊತೆಗೇ ಮೈಯೊಳಗೆ ಇನ್ನೊಂದು ಜಾಲವಿದೆ, ಹೊಲದ ಬಸಿಗಾಲುವೆಯ ಹಾಗೆ ಅದು ಹೆಚ್ಚಾದ ನೀರನ್ನು ಬಸಿದು ಒಯ್ಯುತ್ತದೆ, ಉಂಡ ಅನ್ನದ ಕೊಬ್ಬನ್ನು ಕರುಳಿನಿಂದ ರಕ್ತಕ್ಕೆ ಮುಟ್ಟಿಸುವುದೂ ಅದೇ ಎಂದರು. ಆನೆಕಾಲಿನಲ್ಲಿ ಆ ಕಾಲುವೆ ಕಟ್ಟಿ ಪಾದವೂ ಬಾಯುತ್ತದೆ, ಕಾಲಿನ ಎರಡನೆಯ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ಬರುವುದಿಲ್ಲ. ಆದರೆ ಹೆಚ್ಚುಕಡಿಮೆ ಹೆಂಗಸರಿಗೇ ಬರುವ ಇನ್ನೊಂದು ಬೇನೆಯಿದೆ. ಮೈನೆರೆದಾಗಲೋ ಹೆರಿಗೆಯಾದಾಗಲೋ ಸೊಂಟದಿಂದ ಕಣಕಾಲಿನ ಹರಡಿನವರೆಗೆ ಚರ್ಮದಡಿ ಕೊಬ್ಬು ಕೂರುತ್ತದೆ, ಮುಟ್ಟಿದರೆ ನೋಯುತ್ತದೆ, ಪಾದ ಮಾತ್ರ ಸಣ್ಣಗೇ ಉಳಿಯುತ್ತದೆ.

ಪಾದ ಸಣ್ಣಗೇ ಉಳಿಯುತ್ತದೆ! ಕೆಂಚಕ್ಕನ ಪಾದ ಹೇಗಿತ್ತು? ಅವರಿಗೆ ನೆನಪಾಗಲಿಲ್ಲ. ನೋಡಿದ್ದರಲ್ಲವೇ ನೆನಪಾಗುವುದು? ಮರುದಿನದ ಮೊದಲ ಬಸ್ಸಿಗೇ ಅವರು ಆ ಹಳ್ಳಿಗೆ ಹೊರಟರು.

ಅಂದು ಶಾಲೆಯ ಪಡಸಾಲೆಯಲ್ಲಿ ಸಭೆ ಕೂಡಿತ್ತು. ಸರಕಾರದ ಬಿಸಿಯೂಟ ಹೊಸದಾಗಿ ಶುರುವಾಗುವುದಿತ್ತು. ಅಡುಗೆಯ ಕೆಲಸಕ್ಕೆ ಅರ್ಜಿ ಹಾಕಿದ್ದ ಕೆಂಚಕ್ಕ, ಮೇಲೆ ಕೂತವರೆದುರು ಅಂಗಳದಲ್ಲಿ ನಿಂತಿದ್ದಳು. ಶಾಲಾ ಸಮಿತಿಯ ಅಧ್ಯಕ್ಷ ಚೌಡಣ್ಣನ ಕೈಯಲ್ಲಿ ಉಪಕೇಂದ್ರದಿಂದ ತರಿಸಿದ್ದ ಆ ಹಳೆಯ ಕಾರ್ಡು.

"ಬರ್ರಿ ನರ್ಸಮ್ಮ, ಚಲೋ ಹೊತ್ತಿಗೆ ಬಂದ್ರಿ," ಎಂದ ಆತ. "ನಾವೇನು ಜಾತಿ ಮಾಡಾಕತ್ತೀವೇನ್ರಿ? ಆನೆಕಾಲಿನಾಕಿ ಹುಡುಗರಿಗೆ ಅನ್ನ ನೀಡಬೇಕಾ? ನಿಮ್ಮ ಅಕ್ಷರನ ಐತಿ, ನೋಡ್ರಿ ಇಲ್ಲಿ."

ತಪ್ಪಿಸಿಕೊಳ್ಳುವ ದಾರಿಗಳು ಬೇಕಾದಷ್ಟಿದ್ದವು. ಆನೆಕಾಲು ಮುಟ್ಟಿದರೆ ಅಂಟುವ ರೋಗವಲ್ಲ ಎಂದಷ್ಟೇ ಹೇಳಿದ್ದರೂ ಸುಳ್ಳಾಗುತ್ತಿರಲಿಲ್ಲ. ಅದನ್ನೂ ಹೇಳಿದರು, ಆದರೆ ಅಷ್ಟಕ್ಕೇ ನಿಲ್ಲಲಿಲ್ಲ.

"ಅಕ್ಷರ ನಂದ. ಬರದಿದ್ದು ತಪ್ಪು. ಅವತ್ತು ನಾ ಆಕಿ ಕಾಲು ಮುಟ್ಟಲೇ ಇಲ್ಲ. ಯಾಕ ಮುಟ್ಟಲಿಲ್ಲ ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ."

ಹೀಗೆಂದು ಅಂಗಳಕ್ಕಿಳಿದು ಮಣ್ಣಿನಲ್ಲೇ ಕೂತರು. "ಕಾಲು ಚಾಚವ್ವಾ ಕೆಂಚಕ್ಕ."

ಕೆಂಚಕ್ಕ ಕೂತು ಕಾಲು ಚಾಚಿದಳು. ಚಿವುಟಬೇಕಾದ ಬೆರಳಿನಲ್ಲಿ ಕಾಲುಂಗುರವಿತ್ತು. ತಿಪ್ಪೇರುದ್ರಮ್ಮ ಕೈ ಚಾಚುತ್ತಲೇ ಮುದುಕಿಯೊಬ್ಬಳು ಕೂಗಿದಳು: "ಏ ಮುಟ್ಟಬ್ಯಾಡ್ರಬೇ! ಗಂಡ ಬದುಕ್ಯಾನ, ಕಾಲುಂಗುರ ತೆಗೀಬಾರದು!"

ಕೆಂಚಕ್ಕ ತಲೆಯೆತ್ತಿದಳು. "ಬದುಕ್ಯಾನೇನಬೇ? ಒಂಬತ್ತು ವರ್ಸಾತು, ನಾ ಬದುಕೀನೇನು ಅಂತ ಒಮ್ಮೆರ ಕೇಳಿ ಕಳಿಸ್ಯಾನೇನು ಆ ಪುಣ್ಯಾತ್ಮ?" ಹೆಂಗಸರ ಗುಂಪಿನಲ್ಲಿ ಕಿಸಕ್ಕನೆ ನಗು. ಅವಳು ತಾನೇ ಬಗ್ಗಿ ಉಂಗುರಕ್ಕೆ ಕೈ ಹಚ್ಚಿದಳು. ಎಣ್ಣೆ ಬೇಕಾಗಲಿಲ್ಲ, ಸಾಬೂನು ಬೇಕಾಗಲಿಲ್ಲ, ಮದುವೆಯಲ್ಲಿ ತೊಡಿಸಿದ ಉಂಗುರ ಸರಕ್ಕನೆ ಜಾರಿ ಅಂಗೈಗೆ ಬಂತು.

"ಪಾದಕ್ಕ ಬಾವಿದ್ರ ಇದು ಹಿಂಗ ಬರತಿತ್ತೇನ್ರಿ?" ಎಂದು ತಿಪ್ಪೇರುದ್ರಮ್ಮ ಬೆರಳಿನ ಬುಡದ ಚರ್ಮವನ್ನು ಮೆಲ್ಲಗೆ ಚಿವುಟಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇದು ಆನೆಕಾಲಲ್ಲ, ಕೊಬ್ಬಿನ ಬ್ಯಾನಿ. ಚೌಡಣ್ಣಾರ, ಬರ್ರಿ, ನೀವೂ ಹಿಡದು ನೋಡ್ರಿ."

ಚೌಡಣ್ಣ ಹಿಂದಕ್ಕೆ ಸರಿದ. "ನಾ ಯಾಕ್ರಿ... ನೀವು ಹೇಳಿದ್ರ ಸಾಕು."

"ಸಾಕಾತಿಲ್ಲೋ? ಹಂಗಾದ್ರ ಬರೀರಿ ಆಕಿ ಹೆಸರು."

ಬರೆದರು. ಆದರೆ ಕಾಲಿನ ನೆಪ ಹೋದ ಮೇಲೆ ಜಾತಿ ಬತ್ತಲೆಯಾಗಿ ನಿಂತಿತು. ಒಲೆ ಹೊತ್ತಿದ ಮೊದಲ ದಿನ ಎಂಬತ್ತು ಮಕ್ಕಳಲ್ಲಿ ಊಟಕ್ಕೆ ಕೂತವರು ಹತ್ತೊಂಬತ್ತು, ಎಲ್ಲರೂ ಕೇರಿಯವರು, ಕೆಂಚಕ್ಕನ ಮಗಳೂ ಅವರಲ್ಲೊಬ್ಬಳು. ತಿಪ್ಪೇರುದ್ರಮ್ಮ ಆ ವಾರವಿಡೀ ರಜೆ ಹಾಕಿ, ದಿನವೂ ಬಸ್ಸಿನಲ್ಲಿ ಬಂದು, ಮಕ್ಕಳ ಸಾಲಿನಲ್ಲಿ ತಟ್ಟೆ ಹಿಡಿದು ಕೂತರು. ತಮ್ಮ ಹೆರಿಗೆ ಮಾಡಿಸಿದ ನರ್ಸಮ್ಮನೇ ಉಣ್ಣುತ್ತಿರುವಾಗ ಬೇಡವೆನ್ನಲು ಬಾಯಿ ಬಾರದ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಕೂರಿಸಿದರು. ಎಲ್ಲರೂ ಕೂರಲು ಮಾತ್ರ ದೀಪಾವಳಿ ದಾಟಬೇಕಾಯಿತು.

ಕೆಂಚಕ್ಕನ ಕಾಲು ಸಣ್ಣಗಾಗಲಿಲ್ಲ. ಆ ಬೇನೆಯನ್ನು ಬೇರುಸಹಿತ ಕೀಳುವ ಮದ್ದಿಲ್ಲವೆಂಬುದನ್ನು ತಿಪ್ಪೇರುದ್ರಮ್ಮ ಮುಚ್ಚಿಡಲೂ ಇಲ್ಲ. ಪಟ್ಟಿ ಸುತ್ತುವುದನ್ನೂ ಕಾಲು ಎತ್ತರಿಸಿ ಮಲಗುವುದನ್ನೂ ಕಲಿಸಿ, "ಉಪಾಸ ಬಿದ್ರ ಈ ಕೊಬ್ಬು ಕರಗೂದಿಲ್ಲವ್ವ, ನೀ ಕರಗತಿ. ಹೊಟ್ಟಿ ತುಂಬ ಉಣ್ಣು," ಎಂದರು. ಅಲ್ಲಿಂದ ನಿವೃತ್ತಿಯವರೆಗೆ, ಯಾವ ಕೇರಿಯಲ್ಲೂ ಅವರು ಅಂಗಳದಲ್ಲಿ ನಿಂತು ಕಾರ್ಡು ಬರೆಯಲಿಲ್ಲ.

ತಪ್ಪು ಮಾಡದವರನ್ನು ಸನ್ಮಾನಿಸುವ ಸಭೆಗಳು ಬೇಕಾದಷ್ಟಿವೆ. ತನ್ನ ತಪ್ಪನ್ನು ಊರ ನಡುವೆ ಒಪ್ಪಿ, ಅದನ್ನು ತನ್ನ ಕೈಯಾರೆ ತಿದ್ದಿದ ಈ ತಾಯಿಗೆ ನಮ್ಮ ಸೀಮೆಯ ಹೆಣ್ಣುಮಕ್ಕಳೆಲ್ಲ ಋಣಿಗಳು. ಅವರ ಕಣ್ಣಿನ ಬೆಳಕೂ ಬೆರಳಿನ ಬಲವೂ ಕುಂದದಿರಲಿ, ಕೊಟ್ಟೂರಿನ ಅವರ ಮನೆಯ ಕಟ್ಟೆ ಕಾಲುನೋವಿನ ಹೆಂಗಸರಿಗೆ ಎಂದಿಗೂ ತೆರೆದಿರಲಿ. ಉಳಿದ ಹಾರೈಕೆಯನ್ನು ಇಂದಿಗೂ ಅದೇ ಶಾಲೆಯಲ್ಲಿ ಅನ್ನ ಬಡಿಸುತ್ತಿರುವ ಕೆಂಚಕ್ಕನವರ ಬಾಯಲ್ಲೇ ಕೇಳಬೇಕು:

"ನರ್ಸಮ್ಮಗ ನೂರು ವರ್ಸ ಸಾಲೂದಿಲ್ರಿ. ಯಾರೂ ಮುಟ್ಟದ ಕಾಲು ಇನ್ನಾ ಬಾಳ ಅದಾವ."